ಬೆಂಡೆಯ ಲೋಳೆ
ತಿಳವಳ್ಳಿಯ ಶಾಂತೇಶ್ವರ ಗುಡಿ ನೋಡಿ ಬಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ರೊಟ್ಟಿ ಜೊತೆ ಬೆಂಡೆಕಾಯಿ ಪಲ್ಯ. ಎಳೆದರೂ ನೂಲು ಬರುತ್ತಿರಲಿಲ್ಲ. ಹೇಗೆ ಎಂದು ಕೇಳಿದೆ. ‘ಹುಣಸಿಹುಳಿ ಬಿಟ್ರ ಲೋಳಿ ಮುರೀತೈತ್ರಿ’ ಅಂದರು ಒಲೆ ಮುಂದಿದ್ದ ಅಕ್ಕ.

ನಿಜಕ್ಕೂ ಅದು ಮುರಿಯುವುದಿಲ್ಲ, ಮುದುಡುತ್ತದೆ. ಬೆಂಡೆಯ ಲೋಳೆ ಎಂದರೆ ಸಕ್ಕರೆಯ ಜಾತಿಯ ಅಣುಗಳು ಪೋಣಿಸಿಕೊಂಡ ಉದ್ದನೆಯ ಸರ, ದಾರದಂತೆ ಬಾಗುವಂಥದ್ದು. ಸರದುದ್ದಕ್ಕೂ ಅಲ್ಲಲ್ಲಿ ಆಮ್ಲದ ಗುಂಪುಗಳಿವೆ. ನೀರಿಗೆ ಬಿದ್ದೊಡನೆ ಅವು ಋಣ ವಿದ್ಯುದಾವೇಶ ತಾಳಿ ಒಂದನ್ನೊಂದು ದೂಡುತ್ತವೆ. ಆ ನೂಕಾಟಕ್ಕೆ ಇಡೀ ಸರ ಚಾಚಿಕೊಳ್ಳುತ್ತದೆ. ಉಂಡೆ ಸುತ್ತಿದ ನೂಲನ್ನು ಬಳಸಿಕೊಂಡು ನೀರು ಸಲೀಸಾಗಿ ಹರಿದೀತು, ಬಿಚ್ಚಿ ಹರವಿದ ನೂಲಿನ ನಡುವೆ ತೆವಳಬೇಕು. ಅದಕ್ಕೇ ಚಿಟಿಕೆಯಷ್ಟು ಲೋಳೆಗೆ ಒಂದು ಬಟ್ಟಲು ನೀರು ಮಂದವಾಗುವುದು. ಹುಳಿ ಬಿದ್ದರೆ ಆವೇಶ ಅಡಗಿ ಸರ ಸುರುಳಿಯಾಗುತ್ತದೆ. ಉಪ್ಪಿನದು ಇನ್ನೊಂದು ಉಪಾಯ: ಅದರ ಧನ ಅಯಾನುಗಳು ನಡುವೆ ನಿಂತು ಜಗಳ ಬಿಡಿಸುತ್ತವೆ. (ಹಾಗೆಂದು ಹೆಚ್ಚಿದ ಬೆಂಡೆಗೆ ಮೊದಲೇ ಉಪ್ಪು ಉದುರಿಸಬೇಡಿ. ಕಾಯಿ ನೀರು ಬಿಟ್ಟುಕೊಂಡು ಬಾಣಲೆಯೆಲ್ಲ ರಾಡಿ.)

ಬೆಂಡೆ ಹೆಚ್ಚಿದ ಕೈಯನ್ನು ಎಷ್ಟು ತೊಳೆದರೂ ಜಾರುತ್ತದಲ್ಲ, ಅದಕ್ಕೂ ಲೆಕ್ಕವಿದೆ. ಇಂಥ ಆವೇಶದ ಸರಗಳ ದ್ರಾವಣಕ್ಕೆ ಮೂರು ಪಟ್ಟು ನೀರು ಬೆರೆಸಿದರೆ ಸರಗಳಿಂದ ಬಂದ ಸ್ನಿಗ್ಧತೆ ಕಾಲುಭಾಗಕ್ಕೆ ಇಳಿಯಬೇಕಿತ್ತು. ಸುಮಾರು ಅರ್ಧಕ್ಕೆ ನಿಲ್ಲುತ್ತದೆ. ಸಾರತೆಯ ವರ್ಗಮೂಲಕ್ಕೆ ತಕ್ಕಂತೆ ಅದು ಬದಲಾಗುತ್ತದೆಂದು 1948ರಲ್ಲಿ ಸೂತ್ರ ಕೊಟ್ಟವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೇಮಂಡ್ ಫ್ಯೂಯೋಸ್. ನೀರು ಹೆಚ್ಚಿದಷ್ಟೂ ಆವೇಶವನ್ನು ಮುಚ್ಚುವ ಅಯಾನುಗಳು ಚದುರಿ, ಒಂದೊಂದು ಸರವೂ ಇನ್ನಷ್ಟು ಚಾಚುತ್ತದೆ. ಉಪ್ಪಿಲ್ಲದ ನೀರಿನಲ್ಲಿ, ಒಂದು ಮಿತಿಯೊಳಗೆ ಮಾತ್ರ ಈ ಲೆಕ್ಕ. ಬೆಂಡೆಯ ಲೋಳೆ ಅದಕ್ಕೆ ಅಂಕಿ ತಪ್ಪದೆ ಒಪ್ಪಬೇಕೆಂದಿಲ್ಲ, ಆದರೆ ಅದರ ಸ್ವಭಾವ ಇದೇ.

ಪಲ್ಯಕ್ಕೆ ಬೇಡವಾದ ಈ ಲೋಳೆ ಬೆಲ್ಲಕ್ಕೆ ಬೇಕು. ಬೆಂಡೆ ಗಿಡದ ಕಾಂಡ ಜಜ್ಜಿ, ನೀರಲ್ಲಿ ಹಿಸುಕಿ, ಆ ಲೋಳೆಯನ್ನು ಕಾಯುತ್ತಿರುವ ಕಬ್ಬಿನ ಹಾಲಿಗೆ ಸುರಿಯುತ್ತಾರೆ. ರಸದಲ್ಲಿ ತೇಲುವ ಕಸರನ್ನು ಉದ್ದನೆಯ ಸರಗಳು ತಬ್ಬಿ ಮೇಲೆ ತರುತ್ತವೆ; ಕೊಪ್ಪರಿಗೆಯ ಮುಂದೆ ನಿಂತವರು ಆ ನೊರೆಗೊಳೆಯನ್ನು ಜಾಲರಿ ಸೌಟಿನಲ್ಲಿ ತೆಗೆದು ಪಕ್ಕಕ್ಕೆ ಚೆಲ್ಲುತ್ತಾರೆ.

ಅಕ್ಕನಿಗೆ ಇಷ್ಟನ್ನೂ ಹೇಳಿದೆ. ‘ಮುದುಡ್ಲಿ, ಮುರೀಲಿ, ರುಚಿ ಆಗೇತಿಲ್ರೀ?’ ಅಂದು ಇನ್ನೊಂದು ರೊಟ್ಟಿ ಹಾಕಿದರು.