ನಾನೇನೂ ಮಾಡಲಿಲ್ಲ

ಆಯುಧಪೂಜೆಯ ದಿನ ಮೈಸೂರಿನಲ್ಲಿ ತೊಳೆಯದೆ ಉಳಿಯುವ ವಸ್ತುವಿಲ್ಲ. ಅರಮನೆಯಲ್ಲಿ ಪಟ್ಟದ ಕತ್ತಿಗೆ ಪೂಜೆಯಾದರೆ, ನಮ್ಮ ಕೆಸರೆಯ ಬೀದಿಗಳಲ್ಲಿ ಆಟೋರಿಕ್ಷಾ, ಹೊಲಿಗೆಯಂತ್ರ, ತಕ್ಕಡಿ ಎಲ್ಲವೂ ಮಿಂದು ಕುಂಕುಮ ಧರಿಸುತ್ತವೆ. ಹೆಸರಿನಲ್ಲೇ ಕೆಸರನ್ನಿಟ್ಟುಕೊಂಡ ಊರು ವರ್ಷಕ್ಕೊಂದು ದಿನವಾದರೂ ಫಳಫಳಿಸುವುದು ನ್ಯಾಯವೇ.

ನನ್ನ ಪಾಲಿನ ಆಯುಧ, ಮಗ ಬಿಟ್ಟುಹೋದ ಹಳೆಯ ಕಂಪ್ಯೂಟರು. ಕಳೆದ ದಸರೆಯಲ್ಲಿ, ಮನೆಯಾಕೆ ಚಾಮುಂಡಿಬೆಟ್ಟಕ್ಕೆ ಹೋಗಿದ್ದ ಹೊತ್ತು ನೋಡಿ, ಅದರ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿದೆ. ಒಳಗೆ ಬೂದಿಯಂಥ ಧೂಳು. ಬಣ್ಣದ ಬ್ರಷ್ಷಿನಿಂದ ಗುಡಿಸಿದೆ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಶುಚಿಯ ಹುಚ್ಚು ಹಿಡಿದವನಿಗೆ ನಿಲ್ಲುವುದು ತಿಳಿಯದು; ರ‍್ಯಾಮ್ ಎಂಬ ನೆನಪಿನ ಪಟ್ಟಿಯನ್ನೂ ಕಿತ್ತು, ಪಂಚೆಯ ಅಂಚಿನಲ್ಲಿ ಒರಸಿ, ಮತ್ತೆ ಸಿಕ್ಕಿಸಿ, ತಗಡು ಮುಚ್ಚಿದೆ. ಮರುದಿನ ಕುಂಕುಮವಿಟ್ಟು ಕೈಮುಗಿದೆ. ಗುಂಡಿ ಒತ್ತಿ ನೋಡಲಿಲ್ಲ.

ಹಬ್ಬ ಕಳೆದ ಮೇಲೆ ಅದನ್ನು ಒತ್ತಿದವಳು ಪಕ್ಕದ ಮನೆಯ ಹುಡುಗಿ. ಕಾಲೇಜಿನ ಬರಹವನ್ನು ಟೈಪು ಮಾಡಲು ಆಗಾಗ ನಮ್ಮಲ್ಲಿಗೆ ಬರುತ್ತಾಳೆ. ಒಳಗೆ ಫ್ಯಾನು ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಯಂತ್ರ ‘ಬೀಪ್, ಬೀಪ್’ ಎಂದು ಕೂಗತೊಡಗಿತು.

“ಹಬ್ಬಕ್ಕೆ ಮುಂಚೆ ಸರಿಯಾಗಿತ್ತಲ್ಲೇ, ಏನು ಒತ್ತಿಬಿಟ್ಟೆ?” ಎಂದಳು ಮನೆಯಾಕೆ.

“ನಾನೇನೂ ಮಾಡಲಿಲ್ಲ ಅಜ್ಜಿ.”

ಹುಡುಗಿಯ ಮುಖ ಸಣ್ಣದಾಯಿತು. ನಾನು ಪತ್ರಿಕೆಯನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದೆ. ಸುಳ್ಳು ಹೇಳಲಿಲ್ಲ, ಗಮನಿಸಿ, ಏನನ್ನೂ ಹೇಳಲಿಲ್ಲ.

ಆ ರಾತ್ರಿ ನಾನು ದಾರ್ಶನಿಕನಾದೆ. ತಪ್ಪು ಮಾಡಿದವನಿಗೆ ದರ್ಶನಶಾಸ್ತ್ರ ಬಹು ಬೇಗ ಒಲಿಯುತ್ತದೆ. ಜರ್ಮನಿಯ ಕಾಂಟ್ 1785ರಲ್ಲಿ ಬರೆದನಷ್ಟೆ, ನಿರ್ಬಂಧವಿಲ್ಲದೆ ಒಳ್ಳೆಯದೆನ್ನಬಹುದಾದದ್ದು ಸದಿಚ್ಛೆಯೊಂದೇ, ಅದರಿಂದ ಫಲ ದೊರೆಯದಿದ್ದರೂ ಅದರ ಬೆಲೆ ಕುಗ್ಗದು ಎಂದು. ನನ್ನ ಇಚ್ಛೆ ಒಳ್ಳೆಯದೇ ಆಗಿತ್ತು. ಧೂಳು ತೆಗೆಯುವುದು ಪಾಪವೆ? ಹೀಗೆ ಸಮಾಧಾನ ಮಾಡಿಕೊಂಡು ಮಗ್ಗುಲು ಬದಲಿಸುವಾಗ ಇನ್ನೊಂದು ನೆನಪಾಯಿತು. ಅದೇ ಕಾಂಟ್ 1797ರಲ್ಲಿ, ಮನೆಯಲ್ಲಿ ಅಡಗಿದ ಗೆಳೆಯನನ್ನು ಕೊಲ್ಲಲು ಬಂದವನಿಗೂ ಸುಳ್ಳು ಹೇಳಕೂಡದೆಂದು ಹಟ ಹಿಡಿದಿದ್ದ. ಇಂಥವನ ಮನೆಯಲ್ಲಿ ಆಶ್ರಯ ಕೇಳಲು ಹೋಗಿದ್ದೆನಲ್ಲ! ಧೂಳು ತೆಗೆಯುವಾಗ ಇದ್ದ ಸದಿಚ್ಛೆಯನ್ನು, ಸುಮ್ಮನೆ ಕುಳಿತ ಗಳಿಗೆಯ ಲೆಕ್ಕಕ್ಕೂ ಜಮಾ ಮಾಡಿಕೊಳ್ಳುತ್ತಿದ್ದೆ.

ಎರಡು ದಿನದ ಮೇಲೆ ರಿಪೇರಿಯ ಹುಡುಗ ಬಂದ. “ಇದಕ್ಕೆ ಕೊನೆಯಲ್ಲಿ ಏನು ಮಾಡಿದಿರಿ ಸಾರ್?” ಎಂದು ಕೇಳಿದ. ಯಾರು ಮಾಡಿದರು ಎಂದು ಕೇಳಲಿಲ್ಲ. ಅವನಿಗೆ ಬೇಕಾಗಿದ್ದುದು ಕಾರಣ, ಅಪರಾಧಿಯಲ್ಲ. ನಾನು ಒಂದನ್ನೂ ಬಿಡದೆ ಹೇಳಿದೆ, ಪಂಚೆಯ ಅಂಚನ್ನೂ ಸೇರಿಸಿ.

ಅವನು ಪ್ಲಗ್ಗು ಕಿತ್ತು, ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ಮೈಯಲ್ಲಿ ಸೇರಿದ ವಿದ್ಯುತ್ತನ್ನು ಕಳೆದುಕೊಂಡ. ಪಟ್ಟಿಯನ್ನು ಹೊರತೆಗೆದ. ಅದರ ಅಂಚಿನಲ್ಲಿ ಚಿನ್ನದ ಲೇಪದ 240 ಸಂಪರ್ಕಗಳಂತೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಮತ್ತೆ ಕೂರಿಸಿ, ಎರಡು ತುದಿಗಳನ್ನೂ ಒತ್ತಿದ. ‘ಟಕ್’ ಎಂದು ಕೊಂಡಿ ಕಚ್ಚಿಕೊಂಡಿತು. ನಾನು ಸಿಕ್ಕಿಸಿದಾಗ ಆ ಶಬ್ದ ಬಂದಿರಲಿಲ್ಲ. ಗುಂಡಿ ಒತ್ತಿದೊಡನೆ ಪರದೆ ಬೆಳಗಿತು.

“ಆ ಕೂಗು ಯಾತಕ್ಕಪ್ಪ?” ಎಂದೆ.

“ಆನ್ ಮಾಡಿದ ತಕ್ಷಣ ಮೊದಲು ತನ್ನನ್ನೇ ಟೆಸ್ಟ್ ಮಾಡಿಕೊಳ್ಳುತ್ತೆ ಸಾರ್. ಮೆಮೊರಿ ಸಿಗದೆ ಹೋದರೆ ಪರದೆ ಮೇಲೆ ತೋರಿಸೋಕಾಗಲ್ಲ, ಕೂಗಿ ಹೇಳುತ್ತೆ.”

ಬರೆದು ತೋರಿಸಲಾಗದ ಯಂತ್ರ ತನ್ನ ಕೊರತೆಯನ್ನು ಕೂಗಿ ಹೇಳಿತ್ತು; ನಾಲಗೆಯಿದ್ದ ನಾನು ಪತ್ರಿಕೆ ಓದುತ್ತಿದ್ದೆ. ರಿಪೇರಿಯವನ ಮುಂದೆ ನಿಜ ಹೇಳಿದ್ದನ್ನು ಹೆಮ್ಮೆಯ ಬಾಬತ್ತಿಗೆ ಸೇರಿಸಲೆ? ಅಲ್ಲಿ ನಿಜದಿಂದ ನನಗೆ ಲಾಭವಿತ್ತು, ಯಂತ್ರ ನಡೆಯಬೇಕಾಗಿತ್ತು. ಪಕ್ಕದ ಮನೆಯ ಹುಡುಗಿಗೆ ಹೇಳಬೇಕಾದ ನಿಜದಿಂದ ನಾಚಿಕೆಯಲ್ಲದೆ ಬೇರೇನೂ ಸಿಗುವಂತಿರಲಿಲ್ಲ. ಅದಕ್ಕೇ ಅದು ಇನ್ನೂ ಒಂದು ದಿನ ತಡೆಯಿತು.

ಮರುದಿನ ಸಂಜೆ ಮನೆಯಾಕೆಯನ್ನೂ ಕರೆದುಕೊಂಡು ಹೋಗಿ ಹೇಳಿದೆ. ಹುಡುಗಿ ತುಸು ಹೊತ್ತು ಸುಮ್ಮನಿದ್ದಳು.

“ನನಗೆ ಅವತ್ತೇ ಅನುಮಾನ ಬಂದಿತ್ತು ತಾತ. ಪಕ್ಕದ ತಗಡಿನಲ್ಲಿ ಒಂದು ಸ್ಕ್ರೂನೇ ಇರಲಿಲ್ಲ.”

“ಮತ್ತೆ ಹೇಳಬಾರದಾಗಿತ್ತೇನೇ?” ಎಂದಳು ಮನೆಯಾಕೆ.

“ತಾತನೇ ಹೇಳ್ತಾರೆ ಅಂತ ಕಾಯ್ತಿದ್ದೆ ಅಜ್ಜಿ.”

ಆ ಸ್ಕ್ರೂ ಇಂದಿಗೂ ಸಿಕ್ಕಿಲ್ಲ.