ಪೀಪಾಯಿಯ ಮಳೆನೀರು ಮತ್ತು ಅಹಿಂಸಾವ್ರತ

ವಯನಾಡಿನಲ್ಲಿ ಮುಂಗಾರು ಧಾರಾಳ; ಆದರೂ ಬೇಸಿಗೆಯಲ್ಲಿ ಹಲವು ಬಾವಿಗಳು ಬತ್ತುತ್ತವೆ. 100 ಚದರ ಅಡಿ ಮಾಡಿನ ಮೇಲೆ 1 ಸೆಂಟಿಮೀಟರ್ ಮಳೆ ಸುರಿದರೆ ಸುಮಾರು 90 ಲೀಟರ್ ನೀರು ಒದಗುತ್ತದೆ. ಮಳೆ ನಿಂತ ದಿನಗಳಿಗೆಂದು ಹೂದೋಟದ ಪೀಪಾಯಿಯಲ್ಲಿ ಅದನ್ನು ಹಿಡಿದಿಡುವುದು ವಿವೇಕವೇ ಸರಿ. ಆದರೆ ಶ್ರಾವಕನಿಗೆ ಇಲ್ಲೊಂದು ಪ್ರಶ್ನೆಯುಂಟು.

ಜಲಕಾಯಿಕ ಜೀವಗಳ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರನು, ತ್ರಸಹಿಂಸೆಯಾದರೋ ವರ್ಜ್ಯ. ತೆರೆದಿಟ್ಟ ನೀರಿನಲ್ಲಿ ಹತ್ತು ದಿನಗಳೊಳಗೆ ಸೊಳ್ಳೆಗಳು ಬೆಳೆಯಬಲ್ಲವು. ಮರಿಗಳಾದ ಮೇಲೆ ಎಣ್ಣೆ ಸುರಿದರೂ ಹಿಂಸೆ, ನೆಲಕ್ಕೆ ಚೆಲ್ಲಿದರೂ ಹಿಂಸೆ. ಹಾಗೆಯೇ ಬಿಟ್ಟರೆ ನೆರೆಮನೆಗೆ ಜ್ವರ. ಆಗ ದಯೆಗೆ ದಾರಿಯೇ ಉಳಿಯದು.

ಆದುದರಿಂದ ದಯೆಯ ಕಾಲ ಪೀಪಾಯಿ ಇಡುವ ದಿನವೇ. ನೀರು ಬೀಳುವ ಮೊದಲೇ ಬಾಯಿಗೆ ಒತ್ತಾದ ಬಟ್ಟೆಯನ್ನು ಬಿಗಿದು, ಬೇಕಾದಷ್ಟನ್ನೇ ಸಂಗ್ರಹಿಸಬೇಕು. ಸೋಸಿದ ನೀರನ್ನೇ ಕುಡಿಯುವ ಹಿರಿಯರ ನಿಯಮವು ತೋಟದಲ್ಲಿಯೂ ಸಲ್ಲುವುದು ಹೀಗೆ.