ಹಾರದ ಗಂಟೆಗಳ ಲೆಕ್ಕ

ಸರ್ಕಾರ ಒಂದು ಪ್ರಶ್ನೆ ಕೇಳುತ್ತದೆ. ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಕೊಡದಿದ್ದರೆ ದಂಡವಿಲ್ಲ, ಕೊಟ್ಟರೆ ಬಹುಮಾನವೂ ಇಲ್ಲ. ಹೀಗಿರುವಾಗ ಉತ್ತರ ಕೊಡುವುದು, ಅದೂ ನಿಜವಾದ ಉತ್ತರ ಕೊಡುವುದು, ನನ್ನ ಕರ್ತವ್ಯವೇ? ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕುಳಿತು ನಮೂನೆಗಳನ್ನು ಕಳುಹಿಸುವುದು, ತುಂಬಿ ಬಂದದ್ದನ್ನು ಕೂಡಿಸುವುದು ನನ್ನ ಹೊಟ್ಟೆಪಾಡಾದ್ದರಿಂದ ಈ ಪ್ರಶ್ನೆ ನನ್ನನ್ನು ಆಗಾಗ ಕಾಡಿದೆ. ಆದರೆ ಅದು ಸ್ವಲ್ಪ ಸ್ಪಷ್ಟವಾದದ್ದು ದೂರದ ಅಮೆರಿಕದ ಒಂದು ಸಮೀಕ್ಷೆಯ ವಿಷಯ ಓದಿದಾಗ.

ಆ ದೇಶದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಣ್ಣ ಪುಟ್ಟ ವಿಮಾನಗಳಿವೆ. ಹೊಲಕ್ಕೆ ಔಷಧಿ ಸಿಂಪಡಿಸುವವು, ಹಾರಾಟ ಕಲಿಸುವವು, ನಮ್ಮವರು ಭಾನುವಾರ ಸ್ಕೂಟರ್ ಹತ್ತಿ ಹೊರಟಂತೆ ಮಾಲೀಕ ತಾನೇ ನಡೆಸಿಕೊಂಡು ಹೋಗುವವು. ಅಲ್ಲಿಯ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆ ಪ್ರತಿ ವರ್ಷ ಇಂಥ ಮಾಲೀಕರಲ್ಲಿ ಅನೇಕರಿಗೆ ಪ್ರಶ್ನೆಗಳನ್ನು ಕಳುಹಿಸುತ್ತದೆ: ಹೋದ ವರ್ಷ ನಿಮ್ಮ ವಿಮಾನ ಎಷ್ಟು ಗಂಟೆ ಹಾರಿತು? ಯಾವ ಕೆಲಸಕ್ಕೆ? ಹಗಲೋ, ರಾತ್ರಿಯೋ? ಯಾವ ಇಂಧನ? 1978ಕ್ಕೆ ಮೊದಲು ಇದು ಬೇರೆ ರೀತಿ ನಡೆಯುತ್ತಿತ್ತು. ಒಂದೇ ನಮೂನೆಯಲ್ಲಿ ಎರಡು ಭಾಗ. ಮೊದಲನೆಯದು ವಿಮಾನದ ನೋಂದಣಿಗೆ ಸಂಬಂಧಿಸಿದ್ದು, ಕಡ್ಡಾಯ. ಎರಡನೆಯದು ಹಾರಾಟದ ಗಂಟೆಗಳ ವಿವರ, ಐಚ್ಛಿಕ. ಒಂದೇ ಕಾಗದದಲ್ಲಿ ಒಂದು ಕಡೆ ಅಪ್ಪಣೆ, ಇನ್ನೊಂದು ಕಡೆ ವಿನಂತಿ! 1978ರಲ್ಲಿ ಇವೆರಡನ್ನೂ ಬೇರ್ಪಡಿಸಿ, ವಿನಂತಿಯ ಭಾಗವನ್ನು ಸ್ವತಂತ್ರ ಸಮೀಕ್ಷೆಯಾಗಿ ಮಾಡಿದರು. ಇದನ್ನು ಓದಿ ಗುಮಾಸ್ತನಾದ ನನಗೆ ಬಹಳ ಸಂತೋಷವಾಯಿತು. ಅಪ್ಪಣೆಯ ನೆರಳು ಬಿದ್ದ ವಿನಂತಿ ವಿನಂತಿಯಲ್ಲ ಎಂಬುದು ಅಲ್ಲಿ ಯಾರಿಗೋ ಹೊಳೆದಿರಬೇಕು.

ಈ ಗಂಟೆಗಳು ಏಕೆ ಬೇಕು? ಅಪಘಾತಗಳನ್ನು ಎಣಿಸುವುದು ಸುಲಭ. ಬಿದ್ದ ವಿಮಾನವನ್ನು ಮುಚ್ಚಿಡಲಾಗದು. ಆದರೆ ಹಾರಾಟ ಮೊದಲಿಗಿಂತ ಸುರಕ್ಷಿತವಾಗಿದೆಯೇ ಎಂದು ತಿಳಿಯಬೇಕಾದರೆ ಒಂದು ಲಕ್ಷ ಗಂಟೆಗಳ ಹಾರಾಟಕ್ಕೆ ಎಷ್ಟು ಅಪಘಾತ ಎಂದು ಭಾಗಿಸಬೇಕು. ಅಂಶ ಗೊತ್ತು, ಛೇದ ಗೊತ್ತಿಲ್ಲ. ವಿಮಾನಯಾನ ಕಂಪನಿಗಳು ತಮ್ಮ ಗಂಟೆಗಳನ್ನು ಒಪ್ಪಿಸುತ್ತವೆ. ಖಾಸಗಿ ಮಾಲೀಕನ ಗಂಟೆಗಳು ಅವನ ಪುಸ್ತಕದಲ್ಲೇ ಉಳಿಯುತ್ತವೆ. 2011ನೆಯ ವರ್ಷದ ಅಂದಾಜು ಹೊರಬರಲೇ ಇಲ್ಲ. ಆ ವರ್ಷ ಸತ್ತವರ ಸಂಖ್ಯೆ ಪಟ್ಟಿಯಲ್ಲಿದೆ, ದರದ ಕಲಂ ಮಾತ್ರ ಖಾಲಿ.

‘ನಾನೊಬ್ಬ ಬರೆಯದಿದ್ದರೆ ಏನಾಗುತ್ತದೆ?’ ಎಂದು ಮಾಲೀಕ ಕೇಳಬಹುದು. ಎಲ್ಲರೂ ಹಾಗೆಯೇ ಮಾಡಿದರೆ ಏನು ಗತಿ ಎಂಬುದು ಕ್ಯಾಂಟ್ ಮಹಾಶಯನ ದಾರಿ. ಎಲ್ಲರೂ ಹಾಗೆ ಮಾಡುವುದಿಲ್ಲವಲ್ಲ ಎಂಬುದು ಸಂಸಾರಿಯ ಉತ್ತರ. ಈ ವಾದದಲ್ಲಿ ಗೆದ್ದವರನ್ನು ನಾನು ಕಂಡಿಲ್ಲ. ನನಗೆ ಮನದಟ್ಟಾದದ್ದು ಬರೀ ಲೆಕ್ಕದಿಂದ. ನೂರು ವಿಮಾನಗಳಿವೆ ಎನ್ನಿ. ಹೆಚ್ಚು ಹಾರುವ ಐವತ್ತು ಮಂದಿ ಉತ್ಸಾಹದಿಂದ ಉತ್ತರಿಸಿದರು, ಸರಾಸರಿ 120 ಗಂಟೆ. ಉಳಿದ ಐವತ್ತು ಮಂದಿ, ‘ನಾನು ಹಾರಿದ್ದೇ ಇಪ್ಪತ್ತು ಗಂಟೆ, ಅದನ್ನೇನು ಬರೆಯುವುದು’ ಎಂದು ಸುಮ್ಮನಾದರು. ಬಂದ ಸರಾಸರಿಯನ್ನೇ ಎಲ್ಲರಿಗೂ ಹಚ್ಚಿದರೆ 12,000 ಗಂಟೆಯಾಯಿತು. ನಿಜವಾಗಿ ಹಾರಿದ್ದು 7,000. ಅಪಘಾತಗಳ ಸಂಖ್ಯೆ ಅಷ್ಟೇ ಇರುವುದರಿಂದ ಅಪಾಯ ಇರುವುದಕ್ಕಿಂತ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಾಗಿ ತೋರುತ್ತದೆ. ಯಾರೊಬ್ಬರೂ ಸುಳ್ಳು ಬರೆದಿಲ್ಲ, ಆದರೂ ಸುಳ್ಳು ಹುಟ್ಟಿತು. ಸಂಖ್ಯಾಶಾಸ್ತ್ರಜ್ಞರು ಮತ್ತೆ ಮತ್ತೆ ನೆನಪಿನ ಪತ್ರ ಕಳುಹಿಸಿ, ತೂಕ ಹಾಕಿ ಇದನ್ನು ಸರಿಪಡಿಸಲು ನೋಡುತ್ತಾರೆ, ನಿಜ. ಆದರೆ ಮೌನದಲ್ಲಿ ಏನಿದೆಯೆಂದು ಅವರು ಊಹಿಸಬೇಕೇ ಹೊರತು ಓದಲಾರರು. ಹ್ಯಾಂಗರಿನಲ್ಲಿ ವರ್ಷವಿಡೀ ಧೂಳು ತಿಂದ ವಿಮಾನದ ಸೊನ್ನೆಯೂ ಅವರಿಗೆ ಬೇಕು.

ಅಲ್ಲಿಗೆ ಮಾಲೀಕನದೇ ತಪ್ಪು ಎಂದು ತೀರ್ಪು ಕೊಡುವಂತಿಲ್ಲ. ಅವನಿಗೂ ಭಯಗಳಿವೆ. ಹಾರಾಟಕ್ಕೆ ಬಳಕೆ ಶುಲ್ಕ ಹಾಕಬೇಕೆಂಬ ಪ್ರಸ್ತಾಪ ಅಲ್ಲಿ ಹಲವು ಸಲ ತಲೆಯೆತ್ತಿದೆ. ಇಂದು ಕೇಳಿದ ಗಂಟೆಗೆ ನಾಳೆ ಬಿಲ್ಲು ಬಂದರೆ? ಇದಕ್ಕಿಂತ ಗಟ್ಟಿಯಾದ ಉದಾಹರಣೆಯೂ ಇದೆ. 2002ರಲ್ಲಿ ಆರಂಭವಾದ ‘ಆಪರೇಷನ್ ಸೇಫ್ ಪೈಲಟ್’ ಎಂಬ ತನಿಖೆಯಲ್ಲಿ ಉತ್ತರ ಕ್ಯಾಲಿಫೋರ್ನಿಯದ ಸಾವಿರಾರು ಪೈಲಟರ ಹೆಸರುಗಳನ್ನು ಸಾರಿಗೆ ಇಲಾಖೆಯವರು ಸಾಮಾಜಿಕ ಭದ್ರತಾ ಇಲಾಖೆಯ ಕಡತಗಳೊಂದಿಗೆ ತಾಳೆ ನೋಡಿದರು. ಒಂದು ಕಡೆ ಆರೋಗ್ಯವಂತ, ಇನ್ನೊಂದು ಕಡೆ ರೋಗಿ ಎಂದು ಬರೆದವರು ಸಿಕ್ಕಿಬಿದ್ದರು. ಹಾಗೆ ಸಿಕ್ಕಿದವರಲ್ಲೊಬ್ಬ ತಪ್ಪೊಪ್ಪಿಕೊಂಡ. ಆದರೆ ತನ್ನ ಗುಟ್ಟಿನ ಕಾಯಿಲೆಯ ಕಡತವನ್ನು ಇಲಾಖೆಗಳು ಹೀಗೆ ಹಂಚಿಕೊಂಡದ್ದು ಸರಿಯೇ ಎಂದು ದಾವೆ ಹೂಡಿದ. 2012ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, 1974ರ ಖಾಸಗಿತನದ ಕಾಯಿದೆಯಡಿ ಮನಸ್ಸಿಗಾದ ನೋವಿಗೆ ಸರ್ಕಾರದಿಂದ ಪರಿಹಾರ ಸಿಗದೆಂದು ಐದಕ್ಕೆ ಮೂರು ಮತಗಳಿಂದ ತೀರ್ಪಿತ್ತಿತು. ಅವನು ಸುಳ್ಳು ಹೇಳಿದ್ದು ತಪ್ಪೇ. ಹಾರಾಟದ ಸಮೀಕ್ಷೆಗೂ ಈ ತನಿಖೆಗೂ ಸಂಬಂಧವಿಲ್ಲ ಎಂಬುದೂ ಸರಿಯೇ. ಆದರೆ ಒಂದು ಕೆಲಸಕ್ಕೆಂದು ಕೊಟ್ಟ ಮಾಹಿತಿ ಇನ್ನೊಂದು ಮೇಜಿಗೆ ನಡೆದು ಹೋಗಬಲ್ಲದೆಂದು ತಿಳಿದ ಪೈಲಟ್ ಸಮೀಕ್ಷೆಯ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರೆ ಅವನನ್ನು ದೇಶದ್ರೋಹಿ ಎನ್ನಲಾದೀತೇ?

ಕೇಳುವವನು ಯಾರು ಎಂಬುದರ ಮೇಲೆ ಬಹಳಷ್ಟು ನಿಂತಿದೆ. 1974ರ ಡಿಸೆಂಬರ್ 1ರಂದು ಟಿ.ಡಬ್ಲ್ಯು.ಎ. ಕಂಪನಿಯ 514ನೆಯ ವಿಮಾನ ವರ್ಜೀನಿಯದ ಮೌಂಟ್ ವೆದರ್ ಬೆಟ್ಟಕ್ಕೆ ಬಡಿದು 92 ಮಂದಿ ಸತ್ತರು. ಎಷ್ಟು ಕೆಳಗಿಳಿಯಬಹುದು ಎಂಬ ಸೂಚನೆಯನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದು ಕಾರಣ. ಆರು ವಾರಗಳ ಹಿಂದೆ ಇನ್ನೊಂದು ಕಂಪನಿಯ ವಿಮಾನ ಅದೇ ಜಾಗದಲ್ಲಿ ಅದೇ ತಪ್ಪು ಮಾಡಿ ಕೂದಲೆಳೆಯಷ್ಟರಲ್ಲಿ ಪಾರಾಗಿತ್ತು. ಆ ಸುದ್ದಿ ಆ ಕಂಪನಿಯವರಲ್ಲೇ ಉಳಿಯಿತು. ಆಮೇಲೆ 1975ರಲ್ಲಿ ಇಲಾಖೆಯೇ ‘ನಿಮ್ಮ ತಪ್ಪುಗಳನ್ನು ನಮಗೆ ತಿಳಿಸಿ’ ಎಂದು ಪೈಲಟರನ್ನು ಕೇಳಿತು. ಲೈಸೆನ್ಸು ಕಿತ್ತುಕೊಳ್ಳುವ ಕೈಗೇ ತಪ್ಪೊಪ್ಪಿಗೆ ಕೊಡಲು ಯಾರಿಗೆ ಧೈರ್ಯ? ಅದನ್ನರಿತು 1976ರಲ್ಲಿ ಆ ಕೆಲಸವನ್ನು, ಶಿಕ್ಷಿಸುವ ಅಧಿಕಾರವಿಲ್ಲದ ನಾಸಾ ಸಂಸ್ಥೆಗೆ ಒಪ್ಪಿಸಿದರು. ಅವರು ಹೆಸರು ಅಳಿಸಿ ವಿಷಯವನ್ನಷ್ಟೇ ಇಟ್ಟುಕೊಳ್ಳುತ್ತಾರೆ. ನಮ್ಮ 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಲ್ಲೂ ಇದೇ ವಿವೇಕವಿದೆ: ಗಣತಿಯ ದಾಖಲೆಯನ್ನು ಯಾರೂ ತೆರೆದು ನೋಡುವಂತಿಲ್ಲ, ಸಾಕ್ಷ್ಯವಾಗಿ ಕೋರ್ಟಿಗೆ ತರುವಂತಿಲ್ಲ.

ಹಾಗಾಗಿ ನನಗೆ ತೋರುವುದು ಇಷ್ಟು. ಮಾಲೀಕನ ಋಣ ಇಲಾಖೆಗಲ್ಲ, ಅದೇ ಆಕಾಶದಲ್ಲಿ ಹಾರುವ ಇನ್ನೊಬ್ಬನಿಗೆ. ಅದನ್ನು ತೀರಿಸುವ ದಾರಿ ಮಾತ್ರ ಇಲಾಖೆಯ ಬಾಗಿಲಿನಿಂದಲೇ ಹಾದುಹೋಗುತ್ತದೆ. ಬಾಗಿಲು ಕಾಯುವವನು ಕೊಟ್ಟ ಮಾತಿಗೆ ತಪ್ಪಿದರೆ, ಋಣ ತೀರಿಸಲಾಗದ ಪಾಪ ಮಾಲೀಕನೊಬ್ಬನದೇ ಅಲ್ಲ.

ಇಷ್ಟೆಲ್ಲ ಬರೆಯುವ ನನ್ನ ಕೈಯೂ ಶುದ್ಧವಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಉಪಕಚೇರಿಯಿಂದ ವಾರ್ಷಿಕ ತಖ್ತೆ ಬಂದಿರಲಿಲ್ಲ. ‘ಹೋದ ವರ್ಷದ್ದಕ್ಕೆ ಐದು ಪರ್ಸೆಂಟ್ ಸೇರಿಸಿ ಹಾಕಿಬಿಡಿ’ ಎಂದರು ಮೇಲಿನವರು. ಹಾಕಿದೆ. ಆ ಕಚೇರಿಯಲ್ಲಿ ಎಂಟು ತಿಂಗಳಿಂದ ಒಂದು ಅರ್ಜಿಯೂ ಬಂದಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಲ್ಲಿಯ ಗುಮಾಸ್ತನಿಗೆ ಫೋನು ಮಾಡಿ, ‘ಸೊನ್ನೆಯಾದರೂ ಸರಿ, ಬರೆದು ಕಳುಹಿಸಬಾರದಿತ್ತೇ?’ ಎಂದು ಕೇಳಿದೆ.

‘ಸೊನ್ನೆ ಎಂದು ಬರೆದರೆ ಕಚೇರಿ ಮುಚ್ಚುವುದಿಲ್ಲ ಎಂದು ನೀವು ಹೇಳುತ್ತೀರಾ ಸಾರ್?’ ಎಂದು ಆತ ಕೇಳಿದ. ಹಾಗೆ ಹೇಳುವ ಅಧಿಕಾರ ನನಗಿರಲಿಲ್ಲ.